ಅಂಗಾತ ಈಜು: ತಲೆ ನಿಂತರೆ ಸೊಂಟ ಏಳುತ್ತದೆ

ತೋಟದ ಕೆರೆಯಲ್ಲಿ ಜೋಡಿ ಒಣತೆಂಗಿನಕಾಯಿ ಕಟ್ಟಿಕೊಂಡು ಈಜು ಕಲಿತ ನಮ್ಮ ಕರಾವಳಿಯವರಿಗೆ ಅಂಗಾತ ತೇಲುವುದು ಹೊಸತಲ್ಲ. ಸುಸ್ತಾದಾಗ ಬೆನ್ನ ಮೇಲೆ ಮಲಗಿ, ಎರಡೂ ಕೈ ಒಟ್ಟಿಗೆ ಬೀಸಿ ದಡ ಸೇರುತ್ತೇವೆ. ಅದು ತೇಲಾಟ. ಅಂಗಾತ ಮಲಗಿ ಒಂದಾದ ಮೇಲೊಂದು ಕೈ ಬೀಸುವ ಸ್ಪರ್ಧೆಯ ಈಜು, ಅಂದರೆ ಬ್ಯಾಕ್‌ಸ್ಟ್ರೋಕ್, ಬೇರೆ. ಕೆರೆಯ ಅಭ್ಯಾಸ ಹೊತ್ತುಕೊಂಡು ಮಂಗಳೂರಿನ ಎಮ್ಮೆಕೆರೆಯ ಈಜುಕೊಳಕ್ಕೆ ಇಳಿದವರಿಗೆ ಮೊದಲು ಕೈಕೊಡುವುದು ಕೈಯಲ್ಲ, ಕತ್ತು. ದಡ ಎಲ್ಲಿದೆ ಎಂದು ನೋಡಲು ಕೆರೆಯಲ್ಲಿ ತಲೆ ಎತ್ತಿಯೇ ಇರಬೇಕು. ಕೊಳದಲ್ಲಿ ಅದೇ ತಲೆ ಎತ್ತಿದರೆ ಸೊಂಟ ಮುಳುಗಿ ಕುರ್ಚಿಯಲ್ಲಿ ಕೂತ ಭಂಗಿ ಬರುತ್ತದೆ. ಆಮೇಲೆ ಎಷ್ಟು ಕಾಲು ಬಡಿದರೂ ನೀರನ್ನು ದೂಡಿಕೊಂಡು ಹೋಗುವ ಕೆಲಸವೇ.

ಹಾಗಾಗಿ ನಾನು ತಿದ್ದಿಕೊಂಡದ್ದು ತಲೆಯಿಂದ. ಮೊದಲ ವಾರ ಕೈ ಬೀಸಲೇ ಇಲ್ಲ. ಎರಡೂ ಕಿವಿ ನೀರೊಳಗೆ, ಕಣ್ಣು ನೇರ ಮೇಲೆ, ಗಲ್ಲಕ್ಕೂ ಎದೆಗೂ ನಡುವೆ ಒಂದು ಮೂಸಂಬಿ ಹಿಡಿಸುವಷ್ಟು ಜಾಗ, ಕೈ ತೊಡೆಯ ಪಕ್ಕ. ಹೀಗೆ 25 ಮೀಟರಿನಂತೆ 8 ಸಲ ಬರೀ ಕಾಲು, ನಡುವೆ 20 ಸೆಕೆಂಡ್ ಬಿಡುವು. ನಾಲ್ಕನೆಯ ದಿನದಿಂದ ಹಣೆಯ ಮೇಲೆ ಅರ್ಧ ನೀರು ತುಂಬಿದ ಪ್ಲಾಸ್ಟಿಕ್ ಲೋಟ ಇಟ್ಟುಕೊಂಡೆ. ಅದು ಬೀಳದೆ 10 ಮೀಟರ್ ಹೋದರೆ ದೊಡ್ಡದು. ನೋಡುವವರು ನಗುತ್ತಾರೆ, ನಗಲಿ.

ಕಾಲಿನ ಬಡಿತ ಸೊಂಟದಿಂದ ಬರಬೇಕು. ಮೊಣಕಾಲು ನೀರಿನ ಮೇಲೆ ಕಂಡಿತೆಂದರೆ ಅದು ಸೈಕಲ್ ತುಳಿತ. ಬೆರಳ ತುದಿ ಮಾತ್ರ ಮೇಲ್ಮೈ ಮುಟ್ಟಿ, ಗಂಜಿ ಕುದಿಯುವ ಹಾಗೆ ನೀರು ಗುಳುಗುಳು ಅನ್ನಬೇಕು. ಮುಂದೆ ತಳ್ಳುವುದು ಹೆಚ್ಚಾಗಿ ಮೇಲಕ್ಕೆ ಒದೆಯುವಾಗಿನ ಬಲ. ಪಾದ ಸಡಿಲ ಬಿಟ್ಟು, ಫುಟ್‌ಬಾಲನ್ನು ಪಾದದ ಮೇಲ್ಭಾಗದಿಂದ ಎತ್ತುವ ಹಾಗೆ. ಪಾದದ ಕೀಲು ಬಿಗಿ ಇರುವವರು ಇಲ್ಲಿ ಕಷ್ಟಪಡುತ್ತಾರೆ. ದಿನಾ ಐದು ನಿಮಿಷ ಪಾದ ಮಡಚಿ ವಜ್ರಾಸನದಲ್ಲಿ ಕೂತರೆ ವ್ಯತ್ಯಾಸ ತಿಳಿಯುತ್ತದೆ.

ಈಗ ಕೈ. ಹೊರಗೆ ಬರುವಾಗ ಹೆಬ್ಬೆರಳು ಮೊದಲು, ಒಳಗೆ ಹೋಗುವಾಗ ಕಿರುಬೆರಳು ಮೊದಲು. ಮೊಣಕೈ ನೆಟ್ಟಗೆ. ಕೈ ಕಣ್ಣಿನ ನೇರಕ್ಕೆ ಬಂದಾಗ ಅಂಗೈಯನ್ನು ಹೊರಗೆ ತಿರುಗಿಸಿಕೊಳ್ಳಬೇಕು. ತಿರುಗಿಸಲು ಮರೆತರೆ ಮುಂಗೈಯ ಬೆನ್ನು ಫಟ್ಟೆಂದು ನೀರಿಗೆ ಬಡಿದು ಅಂಗೈ ಕೆಳಗೆ ಗುಳ್ಳೆ ತುಂಬುತ್ತದೆ. ಗುಳ್ಳೆಗೆ ಹಿಡಿತವಿಲ್ಲ, ಆ ಎಳೆತ ದಂಡ. ತಲೆಯನ್ನು 12 ಗಂಟೆ ಅಂದುಕೊಂಡರೆ ಒಂದು ಕೈ 11ಕ್ಕೆ, ಇನ್ನೊಂದು 1ಕ್ಕೆ ಇಳಿಯಬೇಕು. ಆದರೆ ಬೆನ್ನ ಮೇಲೆ ಮಲಗಿದಾಗ ಅಂದಾಜು ಮೋಸ ಮಾಡುತ್ತದೆ. 11ಕ್ಕೆ ಇಟ್ಟೆ ಅಂದುಕೊಂಡ ಕೈ ತಲೆ ದಾಟಿ ಆಚೆ ಬಿದ್ದಿರುತ್ತದೆ, ಸೊಂಟ ಹಾವಿನ ಹಾಗೆ ಹೊರಳುತ್ತದೆ. ನಾನು 10ಕ್ಕೂ 2ಕ್ಕೂ ಗುರಿಯಿಡುತ್ತೇನೆ. ಆಗ ಅದು ಸರಿಯಾಗಿ 11ಕ್ಕೂ 1ಕ್ಕೂ ಬೀಳುತ್ತದೆ.

ಇಳಿದ ಕೈಯನ್ನು ಕೂಡಲೇ ಎಳೆಯಬಾರದು. ಆ ಕಡೆಯ ಭುಜ ಕೆಳಗೆ ಉರುಳಿ ಕೈ ಒಂದು ಗೇಣು ಆಳಕ್ಕೆ ಹೋಗಲಿ. ಆಮೇಲೆ ಮೊಣಕೈ ಕೊಳದ ತಳ ನೋಡುವ ಹಾಗೆ ಮಡಚಿ, ಪಕ್ಕೆಯ ಪಕ್ಕದಿಂದ ಚೆಂಡನ್ನು ಪಾದದ ಕಡೆ ಎಸೆಯುವಂತೆ ತಳ್ಳಿ, ತೊಡೆಯ ಹತ್ತಿರ ಕೆಳಕ್ಕೆ ಒತ್ತಿ ಮುಗಿಸಬೇಕು. ಅರ್ಧ ದಾರಿಯಲ್ಲಿ ಮೊಣಕೈ ಹೆಚ್ಚುಕಡಿಮೆ 90 ಡಿಗ್ರಿ ಮಡಚಿರುತ್ತದೆ. ನೆಟ್ಟಗಿನ ಕೈಯಲ್ಲೇ ದೋಣಿಯ ಹುಟ್ಟಿನಂತೆ ಎಳೆದರೆ ಎರಡು ನಷ್ಟ: ದೇಹ ಮೇಲೆ ಕೆಳಗೆ ಕುಪ್ಪಳಿಸುತ್ತದೆ, ಕೆಲವೇ ವಾರದಲ್ಲಿ ಭುಜ ನೋಯಲು ಶುರುವಾಗುತ್ತದೆ. ಭುಜ ನೋಯುವವರು ಕಾಲು ಬಿಟ್ಟು ಕೈ ಮಾತ್ರ ಮಾಡುವ ಅಭ್ಯಾಸವನ್ನು ಮೊದಲು ನಿಲ್ಲಿಸಬೇಕು.

ಭುಜ ಎರಡೂ ಕಡೆ 30ರಿಂದ 45 ಡಿಗ್ರಿ ಉರುಳುತ್ತದೆ, ಮೂಗು ಮಾತ್ರ ಅಲುಗಬಾರದು. ಇದು ಬಾಯಲ್ಲಿ ಹೇಳಿ ತಿಳಿಯುವ ವಿಷಯವಲ್ಲ. ಬೆಂಗಳೂರಿನ ಈಜುಗಾರ ಶ್ರೀಹರಿ ನಟರಾಜ್ 2021ರಲ್ಲಿ ರೋಮ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡಿನಲ್ಲಿ ಮುಗಿಸಿ ಟೋಕಿಯೋ ಒಲಿಂಪಿಕ್ಸ್‌ಗೆ ಅರ್ಹರಾದರು. ಅವರು ಈಜುವ ವಿಡಿಯೋವನ್ನು ನಿಧಾನಗತಿಯಲ್ಲಿ ಹಾಕಿ, ಕೈ ಬಿಟ್ಟು ಮೂಗನ್ನೇ ನೋಡಿ.

ಮುಖ ಹೊರಗಿರುವುದರಿಂದ ಉಸಿರಿನ ಚಿಂತೆಯಿಲ್ಲ ಅಂತ ಹೆಚ್ಚಿನವರು ಉಸಿರು ಹಿಡಿದೇ ಈಜುತ್ತಾರೆ, 25 ಮೀಟರಿಗೆ ಏದುಸಿರು. ಬಲಗೈ ಮೇಲೇಳುವಾಗ ಬಾಯಿಯಿಂದ ಒಳಗೆ, ಎಡಗೈ ಏಳುವಾಗ ಮೂಗಿನಿಂದ ಹೊರಗೆ, ಇಷ್ಟೇ ಲೆಕ್ಕ. ಗೋಡೆ ಒದ್ದು ನೀರಡಿಯಲ್ಲಿ ಹೋಗುವಾಗಲಂತೂ ಮೂಗಿನಿಂದ ಬಿಡುತ್ತಲೇ ಇರಬೇಕು, ಇಲ್ಲವಾದರೆ ನೆತ್ತಿಗೆ ನೀರು ಹತ್ತುತ್ತದೆ.

ಛಾವಣಿಯಿಲ್ಲದ ಕೊಳದಲ್ಲಿ ನೇರ ಹೋಗುವುದೇ ಒಂದು ವಿದ್ಯೆ. ಆಕಾಶದಲ್ಲಿ ಗೆರೆಯಿಲ್ಲ. ಮಳೆಗಾಲದಲ್ಲಿ ಮೋಡ ಓಡುತ್ತಿದ್ದರೆ ನಾವೇ ಓರೆ ಹೋಗುತ್ತಿದ್ದೇವೆ ಅನಿಸಿ ಸುಮ್ಮನೆ ತಿರುಗಿಬಿಡುತ್ತೇವೆ. ತಲೆ ಹೊರಳಿಸದೆ, ಕಣ್ಣಂಚಿನಲ್ಲಿ ಕಾಣುವ ಲೇನ್ ಹಗ್ಗದ ಜೊತೆ ಒಂದೇ ಅಂತರ ಇಟ್ಟುಕೊಳ್ಳಬೇಕು. ಬೇಸಿಗೆಯಲ್ಲಿ ಎಂಟು ಗಂಟೆ ದಾಟಿದರೆ ಕಪ್ಪು ಗಾಜಿನ ಗಾಗಲ್ಸ್ ಇಲ್ಲದೆ ಆಗದು.

ಗೋಡೆಗೆ 5 ಮೀಟರ್ ಮೊದಲು ಮೇಲೆ ಕಟ್ಟಿರುವ ಬಾವುಟದ ಸಾಲಿನಿಂದ ಗೋಡೆಯವರೆಗೆ ಎಷ್ಟು ಸಲ ಕೈ ಬೀಸಿದೆವು ಎಂದು ಎಣಿಸಬೇಕು. ನನಗೆ 5, ಜೋರಾಗಿ ಹೋದರೆ 4. ನಿಮ್ಮ ಲೆಕ್ಕ ನಿಮ್ಮದೇ, ಎರಡು ವೇಗದಲ್ಲೂ ಎಣಿಸಿಟ್ಟುಕೊಳ್ಳಿ. ತಿರುವಿಗೆ ಒಂದು ಕೈ ಕಡಿಮೆ: ಹೊಟ್ಟೆಯ ಮೇಲೆ ಹೊರಳಿ, ಒಂದೇ ಎಳೆತದ ಜೊತೆಗೇ ಲಾಗ ಹಾಕಬೇಕು. ಹೊರಳಿ ಸುಮ್ಮನೆ ತೇಲುತ್ತಾ ಗೋಡೆಗೆ ಹೋದರೆ ಸ್ಪರ್ಧೆಯಲ್ಲಿ ಅನರ್ಹ. ಮುಗಿಸುವಾಗ ಅಂಗಾತ ಇದ್ದೇ ಗೋಡೆ ಮುಟ್ಟಬೇಕು. ಬಾವುಟ ಕಟ್ಟದ ಕೊಳದಲ್ಲಿ ಈ ಸಾಹಸ ಬೇಡ, ಕೊನೆಯ ಮೀಟರುಗಳಲ್ಲಿ ಒಂದು ಕೈ ತಲೆಯ ಹಿಂದೆ ಚಾಚಿಯೇ ಇಟ್ಟುಕೊಳ್ಳಿ.

ಪಣಂಬೂರು, ಮಲ್ಪೆಯ ಕಡಲಿನಲ್ಲಿ ಇದನ್ನು ಮಾಡಬೇಡಿ. ತಲೆಯ ಹಿಂದಿನಿಂದ ಬರುವ ಅಲೆ ಕಾಣುವುದಿಲ್ಲ, ಸೆಳೆತ ಎತ್ತ ಒಯ್ಯುತ್ತಿದೆ ಎಂಬುದೂ ತಿಳಿಯುವುದಿಲ್ಲ. ಆದರೆ ಸೆಳೆತಕ್ಕೆ ಸಿಕ್ಕಿಬಿದ್ದರೆ ಅದರ ಎದುರು ಈಜಿ ದಣಿಯುವ ಬದಲು ಮೊದಲ ವಾರದ ಆ ಭಂಗಿಯಲ್ಲೇ ಮಲಗಿ. ಕಿವಿ ನೀರೊಳಗೆ, ಗಲ್ಲ ಮೇಲೆ, ಎದೆ ತುಂಬ ಉಸಿರು. ಒಂದು ಕೈ ಎತ್ತಿ ದಡದವರನ್ನು ಕರೆಯಿರಿ.