ಅಲ್ಟ್ರಾ ವೈಡ್ ಝೂಮ್ ತಗೊಂಡ್ರಾ? ಮೊದಲು ನಾಲ್ಕು ಮೂಲೆ ನೋಡಿ

16-35 ಎಂಎಂ ಥರದ, ತುಂಬಾ ಅಗಲದ ನೋಟ ಹಿಡಿಯೋ ಲೆನ್ಸ್ ಹಾಕಿ ಒಂದೆರಡು ಫೋಟೋ ಹೊಡೆದ್ರೆ ಎಲ್ಲಾ ಚೆನ್ನಾಗೇ ಕಾಣತ್ತೆ, ಯಾಕಂದ್ರೆ ನಾವು ನೋಡೋದು ನಡುಮಧ್ಯ, ಅಲ್ಲಿ ಈಗಿನ ಲೆನ್ಸ್‌ಗಳು ಹೆಚ್ಚುಕಮ್ಮಿ ಎಲ್ಲಾ ಶಾರ್ಪೇ. ಆದ್ರೆ ಲ್ಯಾಂಡ್‌ಸ್ಕೇಪ್‌ನಲ್ಲಿ ಕಾಲಬುಡದ ಬಂಡೆ, ಕಟ್ಟಡದಲ್ಲಿ ಕೊನೇ ಕಂಬ, ಇವೆಲ್ಲ ಬಂದು ಬೀಳೋದು ಮೂಲೇಲಿ.

ಮೊದಲು ಟ್ರೈಪಾಡ್ ಹಾಕಿ, ಸ್ಟೆಬಿಲೈಸೇಶನ್ (ಕೈ ಅಲುಗಾಟ ಸರಿದೂಗಿಸೋದು) ಆಫ್ ಮಾಡಿ, 2 ಸೆಕೆಂಡ್ ಟೈಮರ್ ಇಡಿ. ದೂರದಲ್ಲಿ ಸಣ್ಣ ಸಣ್ಣ ವಿವರ ಇರೋ ಒಂದು ಟವರ್‌ನ ಮಧ್ಯಕ್ಕೆ ತಂದು ಮ್ಯಾನುಯಲ್ ಆಗಿ ಫೋಕಸ್ ಮಾಡಿ, ಆಮೇಲೆ ರಿಂಗ್ ಮುಟ್ಟಲೇಬೇಡಿ, ಕ್ಯಾಮರಾ ಮಾತ್ರ ತಿರುಗಿಸ್ತಾ ಅದೇ ಟವರ್ ನಾಲ್ಕೂ ಮೂಲೆಗೆ ಬರೋ ಹಾಗೆ ಒಂದೊಂದು ಫೋಟೋ ತೆಗೀರಿ. ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬರೋ ಕಿಂಡಿ) ಪೂರ್ತಿ ತೆರೆದು ಒಂದ್ಸಲ, ಅದನ್ನ ಎಫ್/8ಕ್ಕೆ ಕಿರಿದು ಮಾಡಿ ಇನ್ನೊಂದ್ಸಲ. ಕಂಪ್ಯೂಟರ್‌ನಲ್ಲಿ 100% ದೊಡ್ಡದು ಮಾಡಿ ಪಕ್ಕಪಕ್ಕ ಇಟ್ಟು ನೋಡಿ. ನಾಲ್ಕೂ ಒಂದೇ ಥರ ಸ್ವಲ್ಪ ಸಾಫ್ಟ್ ಇದ್ರೆ ಅದು ಆ ಲೆನ್ಸ್‌ನ ಗುಣ, ಒಂದೇ ಮೂಲೆ ಮಾತ್ರ ಮಸುಕಾಗಿದ್ರೆ ಒಳಗಿನ ಗಾಜು ನೆಟ್ಟಗೆ ಕೂತಿಲ್ಲ, ಡಿಸೆಂಟರಿಂಗ್ ಅಂತಾರೆ ಇದಕ್ಕೆ. ಎಫ್/8ರಲ್ಲೂ ಹಾಗೇ ಇದ್ರೆ ಯೋಚನೆ ಮಾಡದೆ ವಾಪಸ್ ಕೊಡಿ. ಝೂಮ್ ಮಾಡಿ 24, 35 ಎಂಎಂನಲ್ಲೂ ಇದೇ ಟೆಸ್ಟ್ ಮಾಡಿ, 16ರಲ್ಲಿ ಸರಿ ಇದ್ದಿದ್ದು ಅಲ್ಲಿ ಕೈಕೊಡಬಹುದು.

ಇಟ್ಟಿಗೆ ಗೋಡೆ ಇದಕ್ಕೆ ಬೇಡ, ಕ್ಯಾಮರಾ ಒಂಚೂರು ವಾರೆ ಆದ್ರೂ ಒಳ್ಳೇ ಲೆನ್ಸೇ ಕೆಟ್ಟದು ಅನ್ಸತ್ತೆ. ಡಿಸ್ಟಾರ್ಶನ್ (ನೇರ ಗೆರೆ ಬಾಗೋದು) ನೋಡೋಕೆ ಬೇಕಾದ್ರೆ ಗೋಡೆ ಸರಿ. ಅಂಚಿನ ಗೆರೆ ಬರೀ ಹೊರಕ್ಕೆ ಉಬ್ಬಿದ್ರೆ ಸಾಫ್ಟ್‌ವೇರ್‌ನಲ್ಲಿ ಸುಲಭವಾಗಿ ನೆಟ್ಟಗಾಗತ್ತೆ, ಮೀಸೆ ಥರ ಅಲೆಅಲೆ ಇದ್ರೆ ಕಷ್ಟ. ಇನ್ನೊಂದು, ಕರೆಕ್ಷನ್ ಮಾಡ್ದಾಗ ಮೂಲೆಗಳು ಎಳೆದಂಗಾಗತ್ತೆ, ಅದಕ್ಕೇ ಮೂಲೆ ಎಷ್ಟು ಶಾರ್ಪ್ ಅಂತ ನೋಡೋವಾಗ ಈ ಡಿಸ್ಟಾರ್ಶನ್ ಕರೆಕ್ಷನ್ ಆನ್ ಮಾಡೇ ನೋಡಿ.

ಕ್ಯಾಮರಾ ಮೇಲಕ್ಕೆತ್ತಿದಾಗ ಕಟ್ಟಡ ಹಿಂದಕ್ಕೆ ವಾಲಿದಂಗೆ ಕಾಣೋದು, ಅಂಚಲ್ಲಿರೋರ ತಲೆ ಉದ್ದ ಆಗೋದು, ಇವು ಲೆನ್ಸ್‌ನ ತಪ್ಪಲ್ಲ, ಇಷ್ಟು ಅಗಲ ನೋಡಿದ್ರೆ ಹಾಗೇ.

ಕೊನೇಗೆ ಸೂರ್ಯನ್ನ ಫ್ರೇಮ್ ಒಳಗೆ, ಮೂಲೇಲಿ, ಸ್ವಲ್ಪ ಆಚೆ ಇಟ್ಟು ಫ್ಲೇರ್, ಅಂದ್ರೆ ಬೆಳಕು ಬಿದ್ದು ಫೋಟೋದಲ್ಲಿ ಬರೋ ಕಲೆ, ಮಂಕು ನೋಡಿ (ಡಿಎಸ್‌ಎಲ್‌ಆರ್ ಥರ ಒಳಗೆ ಕನ್ನಡಿ ಇರೋ ಕ್ಯಾಮರಾ ಆದ್ರೆ ವ್ಯೂಫೈಂಡರ್‌ಗೆ ಕಣ್ಣಿಟ್ಟು ನೋಡ್ಬೇಡಿ, ಸ್ಕ್ರೀನಲ್ಲೇ ನೋಡಿ). ಮುಂದಿನ ಗಾಜು ಉಬ್ಬಿಕೊಂಡಿದ್ರೆ ಮಾಮೂಲಿ ಸ್ಕ್ರೂ ಫಿಲ್ಟರ್ ಕೂರಲ್ಲ. ಕೂತ್ರೂ ಪೋಲರೈಸರ್ (ಆಕಾಶದ ನೀಲಿ ಗಾಢ ಮಾಡೋ ಫಿಲ್ಟರ್) ಹುಷಾರು, 16 ಎಂಎಂ ಲೆನ್ಸ್ ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್ ಕ್ಯಾಮರಾದಲ್ಲಿ ಮೂಲೆಯಿಂದ ಮೂಲೆಗೆ ಸುಮಾರು 107 ಡಿಗ್ರಿ ನೋಡತ್ತೆ, ಆಕಾಶದ ಒಂದು ಭಾಗ ಗಾಢ ನೀಲಿ, ಇನ್ನೊಂದು ಪೇಲವ ಬರತ್ತೆ.