"ಸದ್ಯಕ್ಕೆ ಪ್ರಯತ್ನವೇ ಬೇಡ" ಅಂದರು ಥೆರಪಿಸ್ಟ್

ಮದುವೆಯಾಗಿ ಎರಡೂವರೆ ವರ್ಷ ಆಗಿತ್ತು. ಊರಿಗೆ ಹೋದಾಗಲೆಲ್ಲ ದೊಡ್ಡಮ್ಮ ಪಕ್ಕಕ್ಕೆ ಕರೆದು "ಏನಾದ್ರೂ ವಿಶೇಷನಾ?" ಅಂತ ಕೇಳುತ್ತಿದ್ದರು. ನಮ್ಮಿಬ್ಬರ ನಡುವೆ ಒಂದು ಸಲವೂ ಸಂಭೋಗ ಆಗಿಲ್ಲ ಅಂತ ಅವರಿಗೆ ಹೇಗೆ ಹೇಳಲಿ? ಪ್ರೀತಿ ಇತ್ತು, ಆಸೆಯೂ ಇತ್ತು. ಆದರೆ ಆ ಹಂತ ಬಂದ ಕೂಡಲೇ ನನ್ನ ತೊಡೆ ಬಿಗಿದುಕೊಳ್ಳುತ್ತಿತ್ತು, ಉಸಿರು ಕಟ್ಟುತ್ತಿತ್ತು. ವಿಪರೀತ ಉರಿ, ನೋವು. ಮೊದಲು ತೋರಿಸಿದ ಡಾಕ್ಟರ್ "ಎಲ್ಲಾ ಸರಿಯಾಗಿದೆ, ಸುಮ್ನೆ ಹೆದರ್ತೀರಿ" ಅಂತ ಎರಡೇ ನಿಮಿಷದಲ್ಲಿ ಕಳಿಸಿಬಿಟ್ಟರು. ಆಟೋದಲ್ಲಿ ಮನೆ ತಲುಪುವವರೆಗೂ ಅತ್ತಿದ್ದೆ.

ಸೆಕ್ಸ್ ಥೆರಪಿಗೆ ಹೋಗೋಣ ಅಂದಿದ್ದು ನನ್ನ ಗಂಡ. ಯಾರ ಹತ್ತಿರ ಹೋಗಬೇಕು ಅನ್ನುವುದೇ ದೊಡ್ಡ ತಲೆನೋವಾಯಿತು. ನಮ್ಮ ದೇಶದಲ್ಲಿ ಸೆಕ್ಸ್ ಥೆರಪಿಸ್ಟ್ ಅಂತ ಬೇರೆ ಲೈಸೆನ್ಸ್ ಇಲ್ಲ, ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು. ಲೈಂಗಿಕ ಶಕ್ತಿಗೆ ಔಷಧಿ ಅಂತ ಜಾಹೀರಾತು ಕೊಡುವುದು 1954ರ ಕಾಯ್ದೆ ಪ್ರಕಾರ ಅಪರಾಧ. ಆದರೂ ಬಸ್ ಸ್ಟ್ಯಾಂಡ್ ಗೋಡೆಗಳ ಮೇಲೆ ಅವೇ ಕಾಣುತ್ತವೆ. ನಾವು ಎಂ.ಡಿ. ಮಾಡಿದ ಮನೋವೈದ್ಯರು, ಇಲ್ಲವೇ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರ ಸಾಕು ಅಂತ ನಿರ್ಧರಿಸಿದೆವು. ಬೆಂಗಳೂರಿನಲ್ಲೇ ಒಬ್ಬರು ಸಿಕ್ಕರು. ಕನ್ನಡದಲ್ಲಿ ಮಾತಾಡುತ್ತಾರೆ ಅಂತ ಗೊತ್ತಾಗಿ ನನಗೆ ಅರ್ಧ ಧೈರ್ಯ ಬಂತು.

ಹಿಂದಿನ ರಾತ್ರಿ ನಿದ್ದೆ ಇಲ್ಲ. ಬಟ್ಟೆ ತೆಗೆಯಬೇಕಾ, ಮುಟ್ಟಿ ನೋಡುತ್ತಾರಾ, ನಮ್ಮಿಬ್ಬರಿಗೆ ಅಲ್ಲೇ ಏನಾದರೂ ಮಾಡಿ ಅಂತಾರಾ? ಅಂಥದ್ದು ಯಾವುದೂ ಇರಲಿಲ್ಲ. ಒಂದು ಗಂಟೆ ಬರೀ ಮಾತು. ಥೆರಪಿಸ್ಟ್ ಯಾವತ್ತೂ ನಮ್ಮನ್ನು ಮುಟ್ಟುವುದಿಲ್ಲ. ಯಾರಾದರೂ ಮುಟ್ಟಿದರೆ ಎದ್ದು ಬಂದುಬಿಡಿ.

ಮುಟ್ಟಾದಾಗ ಮನೆಯಲ್ಲಿ ಏನು ಹೇಳಿದ್ದರು, ಮೊದಲ ರಾತ್ರಿ ಬಗ್ಗೆ ಯಾರಿಂದ ಏನು ಕೇಳಿದ್ದೆ, ಚಿಕ್ಕಂದಿನಲ್ಲಿ ಯಾರಾದರೂ ತೊಂದರೆ ಕೊಟ್ಟಿದ್ದರಾ, ಯಾವ ಮಾತ್ರೆ ತಗೋತೀರಿ, ನಿದ್ದೆ ಹೇಗೆ ಅಂತೆಲ್ಲ ನಿಧಾನವಾಗಿ ಕೇಳಿದರು. ನಾನು "ಅಲ್ಲಿ", "ಕೆಳಗೆ", "ಅದು" ಅಂತಲೇ ಹೇಳುತ್ತಿದ್ದೆ. ಮೇಡಂ ಮಾತ್ರ ಮೊಣಕೈ ಅಂದಷ್ಟೇ ಸಲೀಸಾಗಿ "ಯೋನಿ" ಅಂದರು. ಮೂರನೇ ಸಲ ಕೇಳುವಷ್ಟರಲ್ಲಿ ನನ್ನ ನಾಲಿಗೆಯೂ ಸಡಿಲವಾಯಿತು.

ಎರಡನೇ ಭೇಟಿಯಲ್ಲಿ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿಸಿದರು. ಆಮೇಲೆ ಒಟ್ಟಿಗೆ ಕೂತಾಗ ಇವರು ನೆಲ ನೋಡುತ್ತಾ "ನಾನೇ ನಿನಗೆ ಇಷ್ಟ ಇಲ್ಲ ಅಂದ್ಕೊಂಡಿದ್ದೆ" ಅಂದರು. ಎರಡೂವರೆ ವರ್ಷ ಅದನ್ನು ಒಳಗೇ ಇಟ್ಟುಕೊಂಡಿದ್ದರು.

ನನಗಿದ್ದದ್ದು ವಜೈನಿಸ್ಮಸ್. ಕಣ್ಣಿನ ಹತ್ತಿರ ಏನಾದರೂ ಬಂದರೆ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತದೆ ಅಲ್ವಾ, ಹಾಗೆ ಯೋನಿಯ ಸುತ್ತಲಿನ ಸ್ನಾಯುಗಳು ತಾವಾಗಿ ಬಿಗಿದುಕೊಳ್ಳುತ್ತವೆ. ಬೇಕಂತ ಮಾಡುವುದಲ್ಲ. ಬೇರೆ ಕಾರಣ ಇಲ್ಲ ಅಂತ ಖಚಿತ ಮಾಡಿಕೊಳ್ಳಲು ಸ್ತ್ರೀರೋಗ ತಜ್ಞೆಯ ಹತ್ತಿರ ಕಳಿಸಿದರು. ಆಕೆ ಪ್ರತಿ ಹಂತಕ್ಕೂ ಕೇಳಿ, ನಾನು ಸಾಕು ಅಂದಾಗ ಕೈ ತೆಗೆದರು.

ಆಮೇಲೆ ಮೇಡಂ ಹೇಳಿದ ಮಾತು ನಾವು ಊಹಿಸಿರಲೇ ಇಲ್ಲ. "ಸದ್ಯಕ್ಕೆ ಸಂಭೋಗದ ಪ್ರಯತ್ನವೇ ಬೇಡ." ಅಮೆರಿಕದ ಲೈಂಗಿಕ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ಪ್ರಕಟಿಸಿದ ವಿಧಾನದಿಂದ ಬಂದದ್ದಂತೆ ಇದು. ವಾರಕ್ಕೆ ಮೂರು ದಿನ, ಒಬ್ಬೊಬ್ಬರು ಹದಿನೈದು ನಿಮಿಷ ಇನ್ನೊಬ್ಬರ ಮೈ ಸವರಬೇಕು. ಎದೆ, ಗುಪ್ತಾಂಗ ಮುಟ್ಟುವ ಹಾಗಿಲ್ಲ. ಮೊದಲ ದಿನ ಮೊಬೈಲಿನಲ್ಲಿ ಟೈಮರ್ ಇಟ್ಟು ಇಬ್ಬರೂ ನಕ್ಕಿದ್ದೇ ಜಾಸ್ತಿ. ಎರಡನೇ ವಾರ ಇವರು ನನ್ನ ಬೆನ್ನು ಸವರುತ್ತಿದ್ದಾಗ ಗಮನಿಸಿದೆ, ನನ್ನ ಕಾಲ್ಬೆರಳು ಮಡಚಿಕೊಂಡಿರಲಿಲ್ಲ. ಇವತ್ತು ಮುಂದೆ ಏನೂ ಆಗುವುದಿಲ್ಲ ಅಂತ ಮೈಗೆ ಗೊತ್ತಾಗಿತ್ತು. ಮದುವೆಯಾದ ಮೇಲೆ ಮೊದಲ ಸಲ ಹಾಸಿಗೆಯಲ್ಲಿ ನಿರಾಳವಾಗಿದ್ದೆ.

ಮುಂದಿನದ್ದು ನನ್ನೊಬ್ಬಳ ಪಾಠ. ಕನ್ನಡಿ ಹಿಡಿದು ನೋಡಿಕೊಳ್ಳುವುದು, ಹೊಟ್ಟೆಯಿಂದ ಉಸಿರಾಡುತ್ತಾ ಸ್ನಾಯು ಸಡಿಲ ಬಿಡುವುದು, ಆಮೇಲೆ ಕಿರುಬೆರಳು, ಆಮೇಲೆ ಸಣ್ಣದರಿಂದ ದೊಡ್ಡದಕ್ಕೆ ಡೈಲೇಟರ್‌ಗಳು, ಅಂದರೆ ಯೋನಿಯೊಳಗೆ ನಿಧಾನವಾಗಿ ಇಟ್ಟು ಅಭ್ಯಾಸ ಮಾಡುವ ನಯವಾದ ಕೊಳವೆಯಂಥ ಸಾಧನಗಳು. ನೋವಾದರೆ ತಳ್ಳಬಾರದು, ಅಲ್ಲೇ ನಿಲ್ಲಬೇಕು.

ಎಲ್ಲಾ ಸಲೀಸಾಗಿ ಆಗಲಿಲ್ಲ. ಗೌರಿ ಹಬ್ಬಕ್ಕೆ ಅತ್ತೆ ಮಾವ ಬಂದು ಹದಿನೈದು ದಿನ ಇದ್ದರು, ಹೋಮ್‌ವರ್ಕ್ ನಿಂತಿತು. ಆಮೇಲೆ ಮತ್ತೆ ಮೊದಲ ಡೈಲೇಟರಿನಿಂದಲೇ ಶುರು. "ಇವತ್ತು ಮಾಡಿದ್ಯಾ?" ಅಂತ ಇವರು ಕೇಳಿದರೆ ಪರೀಕ್ಷೆಗೆ ಓದಿದ್ಯಾ ಅಂದ ಹಾಗಾಗಿ ರೇಗಾಡಿದ್ದೇನೆ. ಅದನ್ನೂ ಮೇಡಂ ಮುಂದೆ ಹೇಳಿದೆವು. ಅವತ್ತಿನಿಂದ ಇವರು ಕೇಳುವುದನ್ನು ಬಿಟ್ಟರು, ನಾನೇ ಹೇಳಲು ಶುರು ಮಾಡಿದೆ.

ನಮಗೆ ಒಟ್ಟು ಎಂಟು ತಿಂಗಳು ಹಿಡಿಯಿತು. ಈಗಲೂ ಕೆಲವು ರಾತ್ರಿ ಮೈ ಬಿಗಿಯುತ್ತದೆ. ಆಗ ಅಲ್ಲಿಗೇ ನಿಲ್ಲಿಸುತ್ತೇವೆ. ನಾನು ಬೋರಲು ಮಲಗುತ್ತೇನೆ, ಇವರು ಬೆನ್ನು ಸವರುತ್ತಾರೆ. ಟೈಮರ್ ಮಾತ್ರ ಇಡುವುದಿಲ್ಲ.