ಸಿವಿಲ್ ಹುಡುಗ್ರನ್ನೂ ಆರ್ಕಿಟೆಕ್ಚರ್ ಹುಡುಗ್ರನ್ನೂ ಒಂದೇ ಶೀಟಲ್ಲಿ ಕೂರ್ಸಿದ್ದು – ನನ್ನ ಅನುಭವ

ನಾನು ಹಾಸನದಲ್ಲಿ ಸ್ಟ್ರಕ್ಚರಲ್ ಕನ್ಸಲ್ಟೆಂಟು, ಅಂದ್ರೆ ಕಟ್ಟಡ ತೂಕ ತಡ್ಯತ್ತಾ ಅಂತ ಲೆಕ್ಕ ಹಾಕೋನು, ಆಗಾಗ ಸಿವಿಲ್ ಹುಡುಗ್ರಿಗೆ ಗೆಸ್ಟ್ ಕ್ಲಾಸ್ ತಗೋತೀನಿ. ಮೈಸೂರಲ್ಲಿ ಆರ್ಕಿಟೆಕ್ಚರ್ ಪಾಠ ಮಾಡೋ ಫ್ರೆಂಡ್ ಒಬ್ರಿದಾರೆ, ರಜೇಲಿ ಎರಡೂ ಕಡೆ ಮಕ್ಕಳನ್ನ ಸೇರ್ಸಿ ಒಂದು ಪ್ರಾಜೆಕ್ಟ್ ಮಾಡ್ಸೋಣ ಅಂದ್ಕೊಂಡ್ವಿ. ನಮ್ಮಲ್ಲಿ ಬಿಇ 4 ವರ್ಷ, ಬಿಆರ್ಕ್ 5 ವರ್ಷ, ಬಿಇಗೆ ಸಿಇಟಿ ಪರೀಕ್ಷೆ ಬಿಆರ್ಕ್‌ಗೆ ನಾಟಾ ಪರೀಕ್ಷೆ, ಓದು ಮುಗಿಯೋವರ್ಗೂ ಒಬ್ರ ಮುಖ ಒಬ್ರು ನೋಡಿರಲ್ಲ, ಆಮೇಲೆ ಸೈಟಲ್ಲಿ ಮೊದಲ್ನೇ ಸಲ ಸಿಕ್ಕಿ ಜಗಳ ಶುರು. ಇಂಗ್ಲೆಂಡಿನ ಬಾತ್ ಯೂನಿವರ್ಸಿಟೀಲಿ ಎರಡೂ ಒಂದೇ ಡಿಪಾರ್ಟ್‌ಮೆಂಟು. ಅಷ್ಟು ನಮ್ಮ ಕೈಲಾಗಲ್ಲ, ಕೈಲಾಗಿದ್ದು ಹೇಳ್ತೀನಿ.

ಇಬ್ಬಿಬ್ರ ಜೋಡಿ, ಒಬ್ರು ಸಿವಿಲ್ ಒಬ್ರು ಆರ್ಕಿಟೆಕ್ಚರ್. ಒಂದೇ ಡ್ರಾಯಿಂಗ್ ಶೀಟು, ಇಬ್ರಿಗೂ ಒಂದೇ ಮಾರ್ಕ್ಸು. ಕೆಲ್ಸ ಅದಲು ಬದಲು: ಸೆಕ್ಷನ್ (ಕಟ್ಟಡ ಸೀಳಿದಂಗೆ ತೋರ್ಸೋ ಚಿತ್ರ) ಬರೆಯೋದು ಸಿವಿಲ್‌ನೋರು, ಬೀಮ್ ಡೆಪ್ತ್ (ತೊಲೆ ಎಷ್ಟು ದಪ್ಪ ಬೇಕು ಅಂತ) ಹೇಳೋದು ಆರ್ಕಿಟೆಕ್ಚರ್‌ನೋರು. ಎಲ್ರೂ ಗೊಣಗಿದ್ರು, ಗೊಣಗ್ಲಿ ಬಿಡಿ.

ಮೊದ್ಲು ಬೇಲೂರಿಗೆ ಕರ್ಕೊಂಡೋದೆ. ಎಲ್ರೂ ಶಿಲಾಬಾಲಿಕೆ ಫೋಟೋ ತೆಗೀತಾ ನಿಂತ್ರೆ ನಾನು ಕೇಳಿದ್ದು ಒಂದೇ, ಒಳಗಡೆ ಕಂಬ ಯಾಕಿಷ್ಟು ಹತ್ರ ಹತ್ರ ಇದಾವೆ? ಕಲ್ಲು ಒತ್ತಡ ತಡ್ಯತ್ತೆ, ಬಾಗಿದ್ರೆ ಕೆಳಗಡೆ ಎಳೆತಕ್ಕೆ ಬಿರುಕು ಬಿಡತ್ತೆ, ಅದಕ್ಕೇ ಕಲ್ಲಿನ ತೊಲೆ ಉದ್ದ ಹಾಕೋಕಾಗಲ್ಲ. ಅಂದ್ರೆ 1117ರ ಆ ಹಜಾರದ ಅಂದಾನೂ ಸ್ಪ್ಯಾನ್ (ಕಂಬದಿಂದ ಕಂಬಕ್ಕಿರೋ ದೂರ) ಲೆಕ್ಕಾನೂ ಬೇರೆ ಬೇರೆ ಅಲ್ಲ. ಇದನ್ನ ಬೋರ್ಡ್ ಮೇಲೆ ಎಷ್ಟು ಹೇಳಿದ್ರೂ ತಲೆಗೆ ಹೋಗಲ್ಲ.

ಪ್ರಾಜೆಕ್ಟು ಸಕಲೇಶಪುರ ಕಡೆ ಹಳ್ಳಿಗೊಂದು ಲೈಬ್ರರಿ, ಹೆಂಚಿನ ಮಾಡು, ಪೇಪರ್ ಮೇಲೆ ಮಾತ್ರ. ಅಲ್ಲಿ ಮಳೆ ಅಂದ್ರೆ ಗೊತ್ತಲ್ಲ, ಗಾಳಿ ಜೊತೆ ಅಡ್ಡಡ್ಡ ಹೊಡ್ಯತ್ತೆ. ಒಬ್ಬ ಆರ್ಕಿಟೆಕ್ಚರ್ ಹುಡುಗ ಕಿಟಕಿ ಮೇಲೆ ಒಂದೂವರೆ ಮೀಟ್ರು ಆರ್‌ಸಿಸಿ ಸಜ್ಜಾ ಬರ್ದ, ದಪ್ಪ 3 ಇಂಚು. ಜೊತೆಗಿದ್ದ ಸಿವಿಲ್ ಹುಡುಗಿ ಐಎಸ್ 456 ಅನ್ನೋ ಕಾಂಕ್ರೀಟ್ ಕೋಡ್ ತೆಗ್ದು, ಒಂದೇ ಕಡೆ ಹಿಡಿತ ಇರೋ ಕ್ಯಾಂಟಿಲಿವರ್‌ಗೆ ಉದ್ದಾನ 7ರಿಂದ ಭಾಗಿಸೋ ದಪ್ಪದ ಲೆಕ್ಕ, 1500 ಭಾಗಿಸು 7, ಇನ್ನೂರು ಮಿಲಿಮೀಟರ್ ದಾಟತ್ತೆ, ಒಳಗಿನ ಕಂಬಿ ನೋಡ್ಕೊಂಡು ಕೋಡ್ ಕೊಡೋ ರಿಯಾಯ್ತಿ (ಮಾಡಿಫಿಕೇಶನ್) ಹಾಕಿದ್ರೂ 6-7 ಇಂಚು ಬೇಕೇ ಬೇಕು ಅಂದ್ಲು. ಅವ್ನ ಮುಖ ಸಪ್ಪಗಾಯ್ತು. ಬಾಗಿಸೋ ಒತ್ತಾಯ ಎಲ್ಲೆಲ್ಲಿ ಎಷ್ಟು ಅಂತ ತೋರ್ಸೋ ಬೆಂಡಿಂಗ್ ಮೊಮೆಂಟ್ ಡಯಾಗ್ರಾಮ್ ಬರ್ದು ಅವ್ನಿಗೇ ತೋರ್ಸು ಅಂದೆ. ನೋಡಿದ್ನೋ ಇಲ್ವೋ, "ಸರ್, ತುದೀಲಿ ಜೀರೋ ಅಲ್ವಾ, ಗೋಡೆ ಹತ್ರ ದಪ್ಪ ಇಟ್ಟು ತುದಿ ಸಣ್ಣ ಮಾಡಿದ್ರೆ? ಕಣ್ಣಿಗೆ ಬೀಳೋದು ತುದಿ ತಾನೇ" ಅಂದ! ಸ್ಟ್ರಕ್ಚರ್ಸ್ ಪೇಪರ್ ಹೆಂಗೋ ಪಾಸಾದೋನಂತೆ ಅವ್ನು.

ಅಲ್ಲಿಗೇ ಮುಗೀಲಿಲ್ಲ. ಇವ್ಳು, ಹಿಂದೆ ಸ್ಲ್ಯಾಬೇ ಇಲ್ವಲ್ಲ, ಮಾಡು ಹೆಂಚಿಂದು, ಸಜ್ಜಾ ಮಗುಚದಂಗೆ ಹಿಡ್ಕೊಳೋದು ಯಾವ್ದು ಅಂತ ಕೇಳಿದ್ಲು. ಲಿಂಟಲ್ (ಕಿಟಕಿ ಮೇಲಿನ ತೊಲೆ) ತಿರುಚ್ಕೊಳತ್ತೆ, ಮೇಲಿನ ಗೋಡೆ ತೂಕ ಸಾಲಲ್ಲ. ಕೊನೆಗೆ ಇಬ್ರೂ ಸೇರಿ ಸಜ್ಜಾನೇ ಕಿತ್ತಾಕಿ ಮಾಡಿನ ಪಕಾಸಿನೇ (ಹೆಂಚು ಹೊರೋ ಇಳಿಜಾರು ಮರ) ಹೊರಗೆ ಚಾಚಿ ಸೂರು ಇಳಿಸಿದ್ರು, ನಮ್ಮ ಹಳೇ ಮನೆಗಳಲ್ಲಿ ಇರೋದೇ. ಆಗ ಗಾಳಿ ಕೆಳಗಿಂದ ಎತ್ತತ್ತಲ್ಲ, ಪಕಾಸಿಗಳನ್ನ ಗೋಡೆ ಮೇಲಿನ ಮರಕ್ಕೆ ಕಬ್ಬಿಣದ ಪಟ್ಟಿ ಹಾಕಿ ಬಿಗಿಯೋ ಡೀಟೇಲ್ ಆ ಹುಡುಗನೇ ಬರ್ದ, ಗಾಳಿ ಲೆಕ್ಕ ಐಎಸ್ 875 ಕೋಡಿನ ಮೂರನೇ ಭಾಗ ನೋಡಿ ಇವ್ಳು ಹಾಕಿದ್ಲು.

ಮಾರ್ಕ್ಸ್ ವಿಷ್ಯಕ್ಕೆ ಮಾತ್ರ ಕೊನೇವರ್ಗೂ ತಕರಾರು. ಚೆನ್ನಾಗಿ ಓದೋರು, ನನ್ ಪಾರ್ಟ್‌ನರ್‌ಗೂ ನಂಗೂ ಒಂದೇನಾ ಸರ್ ಅಂತ. ನಾನು ಬೇರೆ ಮಾಡ್ಲಿಲ್ಲ, ಮುಂದೇನೂ ಮಾಡಲ್ಲ. ನಿಮ್ಮ ಕಾಲೇಜಲ್ಲಿ ಮಾಡ್ಸೋದಾದ್ರೆ ಬಿಲ್ಡಿಂಗ್ ಚಿಕ್ದು ಕೊಡಿ, ಮಳೆ ಜಾಸ್ತಿ ಇರೋ ಊರು ಕೊಡಿ.